ಬಲಗಡೆಯ ಪೆಟ್ಟಿಗೆ

ಬೇರೆಯವರ ಅಂಗಿಯ ಜೇಬಿನಲ್ಲಿ ಬಸ್ ಟಿಕೆಟ್ಟೋ ಅಡಿಕೆ ಚೂರೋ ಸಿಗುತ್ತದೆ. ನನ್ನ ಜೇಬಿನಲ್ಲಿ ಉಪ್ಪುಕಾಗದ ಸಿಗುತ್ತದೆ. ಮರ ಉಜ್ಜುವ ಆ ಒರಟು ಕಾಗದದ ತುಂಡನ್ನು ಮಡಿಸಿ ಜೇಬಿಗೆ ಸೇರಿಸುವುದು ಯಾವಾಗ ಅಭ್ಯಾಸವಾಯಿತೋ ತಿಳಿಯದು. ಬಟ್ಟೆ ನೆನೆಹಾಕಿದಾಗ ಅದು ಕರಗಿ, ಅದರ ಮರಳೆಲ್ಲ ಬಿಳಿ ಪಂಚೆಗಳಿಗೆ ಮೆತ್ತಿಕೊಂಡು, ನನ್ನ ಹೆಂಡತಿ ನಾಗಮಣಿ ಉಳಿದ ಚೂರನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಕಾಫಿ ಲೋಟದ ಪಕ್ಕ ಇಡುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಮುಗಿಸಬಹುದಿತ್ತು. ಮೊನ್ನೆಯೂ ಹಾಗೇ ಆಯಿತು. ಲೋಟದ ಪಕ್ಕ ಕೂತ ಆ ಒದ್ದೆ ಚೂರನ್ನು ನೋಡುತ್ತಾ ನಾನು ಮಾಡಿದ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ನೆನಪಾದವು.

ಪೆಟ್ಟಿಗೆ ಎಂದರೆ ಸ್ಪೀಕರ್ ಪೆಟ್ಟಿಗೆ. ಈಗ ತಾಳವಾಡಿಯಲ್ಲಿ ಆಡು ಮೇಯಿಸುವವರ ಸೊಂಟದಲ್ಲೂ ಅಂಗೈಯಗಲದ ಬ್ಲೂಟೂತ್ ಡಬ್ಬಿ ನೇತಾಡುತ್ತದೆ, ಅರ್ಧ ಊರಿಗೆ ಕೇಳಿಸುವಷ್ಟು ಕೂಗುತ್ತದೆ. ಇಂಥ ಕಾಲದಲ್ಲಿ ಹಲಗೆ ಕೊಯ್ದು, ಅಂಟು ಹಾಕಿ, ಉಜ್ಜಿ, ಪಾಲಿಶ್ ಬಳಿದು, ಮೊಣಕಾಲೆತ್ತರದ ಎರಡು ಮರದ ಪೆಟ್ಟಿಗೆ ಮಾಡಿಕೊಂಡು ಅದರಿಂದ ಹಾಡು ಕೇಳುತ್ತೇನೆ ಎಂದರೆ ಜನ ನಗುತ್ತಾರೆ. ನಾನೇನೂ ಬಡಗಿಯಲ್ಲ. ತಾಳಮಲೆ ಕಡೆ ಹೋಗುವ ದಾರಿಯಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡವನು. ಹರೆಯದಿಂದ ಇಲ್ಲಿಯವರೆಗೂ ರಾಗಿ, ಜೋಳ, ಖಾರದಪುಡಿ ಬೀಸುತ್ತಾ ಬಂದಿದ್ದೇನೆ. ಬೀಸುವ ಯಂತ್ರದ ಬಲಗಡೆ ಗೋಡೆ, ಎಡಗಡೆ ಬಾಗಿಲು. ಬಾಗಿಲ ಕಡೆ ನಿಂತು, ಹಿಟ್ಟಿನ ಚೀಲ ಹಿಡಿದು, ಬಂದವರ ಜೊತೆ ಕೂಗಿ ಕೂಗಿ ಮಾತಾಡುವುದೇ ನನ್ನ ಉದ್ಯೋಗ. ಮೈಗೆ ಹತ್ತಿದ ಹಿಟ್ಟಿನ ಮೇಲೆ ಸಂಜೆ ಮರದ ಪುಡಿಯೂ ಸೇರಿ, ನಾನು ಮನೆಗೆ ಬಂದಾಗ ನಮ್ಮ ನಾಯಿ ಕೂಡ ಒಂದು ಸಲ ಅನುಮಾನದಿಂದ ಮೂಸಿ ನೋಡುತ್ತದೆ.

ಪೆಟ್ಟಿಗೆಯ ಹುಚ್ಚು ಮಾತ್ರ ಹಳೆಯದು. ಚಿಕ್ಕಂದಿನಲ್ಲಿ ನಮ್ಮ ಮನೆಯಂಗಳದಲ್ಲಿ ಹಗೇವು ಇತ್ತು. ರಾಗಿ ತುಂಬಿಡಲು ನೆಲದೊಳಗೆ ತೋಡಿದ, ಬಾಯಿ ಚಿಕ್ಕದಾಗಿ ಹೊಟ್ಟೆ ದೊಡ್ಡದಾಗಿದ್ದ ಗುಂಡಿ ಅದು. ಖಾಲಿಯಾದಾಗ ನಾವು ಮಕ್ಕಳು ಅದರ ಬಾಯಿಗೆ ತಲೆಯಿಟ್ಟು ಕೂಗುತ್ತಿದ್ದೆವು. ಮೇಲೆ ನಿಂತು ಕೂಗಿದರೆ ಕೀರಲಾಗುವ ನನ್ನ ದನಿ ಅಲ್ಲಿಂದ ಊರ ಗೌಡರ ದನಿಯಾಗಿ ಹೊರಗೆ ಬರುತ್ತಿತ್ತು. ಆಮೇಲೆ ಅಪ್ಪನ ಪುಟ್ಟ ರೇಡಿಯೋವನ್ನು ಹಿತ್ತಾಳೆಯ ಕೊಳಗದೊಳಗೆ ಇಟ್ಟು ನೋಡಿದೆ, ಮಣ್ಣಿನ ಮಡಕೆಯೊಳಗೆ ಇಟ್ಟು ನೋಡಿದೆ, ಕೊನೆಗೆ ಹುರುಳಿ ತುಂಬಿದ ಡಬ್ಬದ ಮೇಲೆ ಇಟ್ಟು ನೋಡಿದೆ. ನಮ್ಮ ಬೆಟ್ಟದ ಮೇಲೆ ಆ ರೇಡಿಯೋ ಮುಳ್ಳನ್ನು ಒಂದು ಕೂದಲೆಳೆ ಸರಿಸಿದರೆ ಮೈಸೂರಿನಿಂದ ಕೊಯಮತ್ತೂರಿಗೆ ಹೋಗಿಬಿಡುತ್ತಿತ್ತು, ಕನ್ನಡದ ಕೃಷಿ ಸಲಹೆ ತಮಿಳಿನ ಹವಾಮಾನದಲ್ಲಿ ಮುಗಿಯುತ್ತಿತ್ತು. ಅದು ಯಾವ ಭಾಷೆಯಲ್ಲಿ ಮಾತಾಡಿದರೂ ಮಡಕೆಯೊಳಗಿನಿಂದ ಮಾತಾಡಿದರೆ ಚೆನ್ನ ಎಂಬುದು ನನಗೆ ಆಗಲೇ ಗೊತ್ತಾಯಿತು. ಅಷ್ಟು ತಿಳಿದವನು ಅಲ್ಲಿಗೇ ನಿಲ್ಲಿಸಬಹುದಿತ್ತು.

ನಿಲ್ಲಿಸಿದ್ದೆ ಕೂಡ. ಮತ್ತೆ ಶುರುವಾಗಿದ್ದು ಒಂದು ಕ್ಯಾಸೆಟ್ಟಿನಿಂದ. ಅವ್ವನ ತಮ್ಮ, ನನ್ನ ಸೋದರಮಾವ, ಸೈನ್ಯದಲ್ಲಿದ್ದವನು. ಒಮ್ಮೆ ರಜೆಗೆ ಬಂದಾಗ ಎರಡೂ ತುದಿಗೆ ಒಂದೊಂದು ಮೈಕು ಇದ್ದ ಉದ್ದನೆಯ ಟೇಪ್ ರೆಕಾರ್ಡರ್ ತಂದಿದ್ದನಂತೆ. ಅದನ್ನು ನಮ್ಮ ನಡುಮನೆಯಲ್ಲಿಟ್ಟು, ಒಂದು ತುದಿಯಲ್ಲಿ ಅಪ್ಪನನ್ನೂ ಇನ್ನೊಂದು ತುದಿಯಲ್ಲಿ ಅವ್ವನನ್ನೂ ಕೂರಿಸಿ, ಅಪ್ಪನ ಕೈಲಿ ಮಾದಪ್ಪನ ಪದ ಹಾಡಿಸಿ ತುಂಬಿಸಿಕೊಂಡಿದ್ದ. ಕೆಲವು ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಅವನ ಟ್ರಂಕಿನಿಂದ ಆ ಕ್ಯಾಸೆಟ್ಟು ನನ್ನ ಕೈಗೆ ಬಂತು. ಸತ್ಯಮಂಗಲದ ಒಂದು ಅಂಗಡಿಯಲ್ಲಿ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ.

ಅವ್ವ ಹೋದಾಗ ನಾನು ಮೂರನೆಯ ಕ್ಲಾಸು. ಮುಖಕ್ಕೆ ಫೋಟೋ ಇದೆ. ಊರೂರು ತಿರುಗುವ ಫೋಟೋದವನೊಬ್ಬ ಅಪ್ಪನನ್ನೂ ಅವ್ವನನ್ನೂ ಎರಡು ಕುರ್ಚಿಯಲ್ಲಿ ಕೂರಿಸಿ ತೆಗೆದದ್ದು ನಡುಮನೆಯ ಗೋಡೆಯಲ್ಲಿದೆ, ದಿನಾ ನೋಡುತ್ತೇನೆ. ದನಿ ಮಾತ್ರ ನೆನಪಿರಲಿಲ್ಲ. ಎಷ್ಟು ಕಣ್ಣು ಮುಚ್ಚಿ ಕೂತರೂ ಬರುತ್ತಿರಲಿಲ್ಲ. ಅದು ನನಗೆ ಎಷ್ಟು ಬೇಕಾಗಿತ್ತು ಎಂಬುದು ಆ ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ಘಾಟಿ ಹತ್ತುವಾಗಲೇ ತಿಳಿದದ್ದು. ಬಸ್ಸಿನಲ್ಲಿ ಕೂತವನು ಜೇಬಿನ ಮೇಲಿಟ್ಟ ಕೈಯನ್ನು ಹಾಸನೂರು ದಾಟುವವರೆಗೂ ತೆಗೆಯಲಿಲ್ಲ.

ಮನೆಗೆ ತಂದು ಮಗಳ ಬ್ಲೂಟೂತ್ ಡಬ್ಬಿಯಲ್ಲಿ ಹಾಕಿದರೆ ಎಲ್ಲವೂ ಕಲಸಿಹೋಯಿತು. ಅಪ್ಪನ ಪದ, ಮೊರ, ಕೆಮ್ಮು, ಎಲ್ಲಿಯದೋ ಕೋಳಿ. ಇದಕ್ಕೆ ಎರಡು ಸರಿಯಾದ ಪೆಟ್ಟಿಗೆ ಬೇಕು ಎಂದು ಆಗಲೇ ತೀರ್ಮಾನಿಸಿದೆ. ಒಂದೊಂದು ಮೈಕಿನ ದನಿ ಒಂದೊಂದು ಪೆಟ್ಟಿಗೆಯಲ್ಲಿ ಬೇರೆಯಾಗಿ ಬಂದು, ಎಡಗಡೆಯದರಿಂದ ಅಪ್ಪ, ಬಲಗಡೆಯದರಿಂದ ಅವ್ವ, ಗೋಡೆಯ ಫೋಟೋದಲ್ಲಿ ಕೂತಂತೆಯೇ ನನ್ನ ಮುಂದೆ ಕೂತು ಹಾಡಬೇಕು. ಚಾಮರಾಜನಗರದಲ್ಲಿ ಆಂಪ್ಲಿಫಯರು, ಸ್ಪೀಕರು ಕೊಂಡೆ. ಪ್ಲೈವುಡ್ಡನ್ನು ಬಸ್ಸಿಗೆ ಹತ್ತಿಸಲು ಹೋದಾಗ ಕಂಡಕ್ಟರು ಇದು ಲಗೇಜೋ ಸಂಸಾರವೋ ಎಂದು ಕೇಳಿದ. ಎರಡೂ ಹೌದು ಎಂದೆ. ಅವನು ನಗದೇ ಟಿಕೆಟ್ ಹರಿದ.

ಕಾಡಿನ ಮಧ್ಯೆ ಇರುವವರಿಗೆ ಮರಕ್ಕೇನು ಬರ ಎಂದು ನೀವು ಕೇಳಬಹುದು. ಹುಲಿ ಕಾಡಿನ ಪಕ್ಕದಲ್ಲಿ ಒಣಗಿದ ಕೊಂಬೆ ಎತ್ತಿಕೊಂಡು ಬಂದರೂ ಹತ್ತು ಜನಕ್ಕೆ ಉತ್ತರ ಹೇಳಬೇಕು. ಮರದ ನಡುವೆ ಕೂತು ಹಲಗೆಯನ್ನು ಪೇಟೆಯಿಂದ ತರುವವರು ನಾವು. ಇರಲಿ.

ಮೊದಲ ಜೋಡಿ ಪ್ಲೈವುಡ್ಡಿನದೇ ಆಯಿತು. ಮೂಲೆಗಳನ್ನು ಅಂಟಿಸಿ ಹಗ್ಗದಿಂದ ಬಿಗಿದು ಒಂದು ದಿನ ಬಿಟ್ಟೆ. ಒಳಗೆ ತುಂಬಲು ಹತ್ತಿ ಬೇಕು, ಇಲ್ಲದಿದ್ದರೆ ದನಿ ಪೆಟ್ಟಿಗೆಯೊಳಗೇ ಗೋಡೆಗೆ ಬಡಿದು ಗೊಂದಲ ಮಾಡುತ್ತದೆ. ಅದಕ್ಕೆ ಮನೆಯ ಬೂರುಗದ ಹತ್ತಿಯ ದಿಂಬುಗಳು ಬಲಿಯಾದವು. ಮುಂದಕ್ಕೆ ಬಟ್ಟೆ ಹೊದಿಸಬೇಕು. ಯಾವ ಬಟ್ಟೆ ಆದೀತು ಎಂದು ತಿಳಿಯಲು ಬಾಯಿಗೆ ಒತ್ತಿಕೊಂಡು ಊದಿ ನೋಡಬೇಕು, ಗಾಳಿ ತಡೆಯಿಲ್ಲದೆ ಆಚೆ ಹೋದರೆ ದನಿಯೂ ಹೋಗುತ್ತದೆ. ನಾನು ಬೀರು ತೆರೆದು ನಾಗಮಣಿಯ ಸೀರೆಗಳ ಸೆರಗನ್ನು ಒಂದೊಂದಾಗಿ ಬಾಯಿಗಿಟ್ಟುಕೊಂಡು ಊದುತ್ತಿದ್ದಾಗ ಅವಳು ಒಳಗೆ ಬಂದಳು. ಆ ಹೊತ್ತಿನ ಅವಳ ಮುಖವನ್ನು ಇಲ್ಲಿ ಬರೆಯುವುದಿಲ್ಲ. ಆದರೂ ಅವ್ವನ ಒಂದು ಹಳೆಯ ನೂಲಿನ ಸೀರೆಯನ್ನು ಟ್ರಂಕಿನ ತಳದಿಂದ ಹುಡುಕಿ ಕೊಟ್ಟವಳು ಅವಳೇ. ಅಪ್ಪನ ಪೆಟ್ಟಿಗೆಗೆ ಪಂಚೆಯ ತುಂಡು, ಅವ್ವನ ಪೆಟ್ಟಿಗೆಗೆ ಆ ಸೀರೆ.

ಅರಗಿನ ಪಾಲಿಶ್ ಬಳಿಯುವುದು ಇದೆಯಲ್ಲ, ಅದು ಅವಸರದವರ ಕೆಲಸವಲ್ಲ. ಹತ್ತಿ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಅದ್ದಿ, ಹಗುರವಾಗಿ ಎಳೆದು, ಒಣಗಲು ಬಿಟ್ಟು, ಮತ್ತೆ ಉಜ್ಜಿ, ಮತ್ತೆ ಎಳೆಯಬೇಕು. ಮೊದಲ ಕೈಗೆ ಮರ ಕುಡಿದುಬಿಡುತ್ತದೆ, ಏನೂ ಕಾಣುವುದಿಲ್ಲ. ಎಷ್ಟೋ ಕೈ ಆದ ಮೇಲೆ ಒಂದು ಬೆಳಿಗ್ಗೆ ಹಲಗೆಯಲ್ಲಿ ಎದುರಿನ ಕಿಟಕಿಯ ಬಿಂಬ ಕಾಣುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಕಿಟಕಿ ಕಂಡ ಬೆಳಿಗ್ಗೆಯೇ ನಾಗಮಣಿ ಮನೆಗೆ ಬಂದ ಹೊಸ ವಸ್ತುವೆಂದು ಎರಡಕ್ಕೂ ನೆತ್ತಿಯ ಮೇಲೆ ಮೂರು ಬೆರಳು ವಿಭೂತಿ ಎಳೆದಳು. ಪಾಲಿಶ್ ಇನ್ನೂ ಹಸಿ. ವಿಭೂತಿ ಅದರೊಳಗೆ ಇಳಿದು ಹಾಗೇ ಉಳಿಯಿತು, ಯಾವ ಉಪ್ಪುಕಾಗದಕ್ಕೂ ಹೋಗಲಿಲ್ಲ. ಎಲ್ಲಿಗೆ ಒಯ್ದರೂ ನಮ್ಮ ಜಾತಿಯ ಪೆಟ್ಟಿಗೆಗಳು ಎಂದು ಗೊತ್ತಾಗುವಂತಿದ್ದವು.

ಕುರ್ಚಿ ಹಾಕಿಕೊಂಡು ಎದುರಿಗೆ ಕೂತು ಪದ ಹಾಕಿದೆ. ಎಡಗಡೆಯಿಂದ ಅಪ್ಪ ಬಂದ. ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸುವಂತೆ ಬಂದ. ಬಲಗಡೆಯಿಂದ ಅವ್ವ ಬರಲಿಲ್ಲ. ಬಂದರೂ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ ಬಂದಳು. ಪದ ಅರ್ಧಕ್ಕೆ ನಿಂತುಹೋಗುತ್ತದೆ, ನಿಲ್ಲುವ ಮುಂಚೆ ಅವ್ವ ಮೆಲ್ಲಗೆ ಏನೋ ಒಂದು ಹೇಳುತ್ತಾಳೆ, ಆಮೇಲೆ ಕಟ್ ಎಂದು ಟೇಪು ನಿಲ್ಲುತ್ತದೆ. ಆ ಏನೋ ಒಂದು ನನಗೆ ಬರಿಯ ಗೊಣಗಾಗಿ ಕೇಳಿಸಿತು. ಕ್ಯಾಸೆಟ್ಟಿನಲ್ಲಿ ಅವ್ವ ಬಿಡಿಯಾಗಿ ಮಾತಾಡಿದ್ದು ಅದೊಂದೇ ಎಂದು ನನಗನ್ನಿಸಿತ್ತು. ಅದನ್ನು ಕೇಳದೆ ನನಗೆ ಸಮಾಧಾನವಿಲ್ಲ.

ನಾಗಮಣಿಯನ್ನು ಕೇಳಬಹುದಿತ್ತು. ಅವಳು ಅಡುಗೆಮನೆಯಲ್ಲಿದ್ದುಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆದರೆ ಪೆಟ್ಟಿಗೆ ಮಾಡಿದವನು ಪೆಟ್ಟಿಗೆ ಏನು ಹೇಳಿತು ಎಂದು ಇನ್ನೊಬ್ಬರನ್ನು ಕೇಳುವುದು ಹೇಗೆ? ಅವ್ವನ ಪೆಟ್ಟಿಗೆಯಲ್ಲೇ ದೋಷವಿದೆ, ಬಿಚ್ಚಿ ಹೊಸದು ಮಾಡುತ್ತೇನೆ ಎಂದುಕೊಂಡೆ.

ಚಾಮರಾಜನಗರದ ಅಂಗಡಿಯವನನ್ನು ಕೇಳಿದ್ದಕ್ಕೆ, ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಇಟ್ಟು ಒಂದು ಸಲ ನೋಡಿ, ತಪ್ಪು ಯಾವುದರದ್ದು ಎಂದು ಆಗಲೇ ಗೊತ್ತಾಗುತ್ತದೆ ಎಂದ. ನನಗೆ ಕೋಪ ಬಂತು. ಹೆಣ್ಣು ಧಾರೆಯ ಹೊತ್ತಿಗೆ ಗಂಡಿನ ಬಲಕ್ಕೆ ಕೂತಿರುತ್ತಾಳೆ, ತಾಳಿ ಬಿದ್ದ ಮೇಲೆ ಎಡಕ್ಕೆ ಬಂದು ಕೂರುತ್ತಾಳೆ. ಎದುರಿಗೆ ಕೂತು ನೋಡುವ ನನಗೆ ಅವ್ವ ಬಲಗಡೆ ಕಾಣುವುದು ಅದಕ್ಕೇ. ಈಗ ಅವ್ವನನ್ನು ಎತ್ತಿ ಆ ಕಡೆ ಕೂರಿಸಿದರೆ ಅವರ ಮದುವೆಯನ್ನೇ ಬಿಚ್ಚಿದ ಹಾಗಾಗುತ್ತದೆ. ಇದನ್ನೆಲ್ಲ ಅಂಗಡಿಯವನಿಗೆ ಬಿಡಿಸಿ ಹೇಳಿದೆ. ಅವನು, ಹಾಗಾದರೆ ಇನ್ನೊಂದು ಸ್ಪೀಕರ್ ಕೊಡಲೇ ಎಂದ. ಕೊಂಡುಕೊಂಡು ಬಂದೆ.

ಅವ್ವನಿಗೆ ಎರಡನೆಯ ಪೆಟ್ಟಿಗೆಯನ್ನು ಸಿಲ್ವರ್ ಓಕ್ ಹಲಗೆಯಲ್ಲಿ ಮಾಡಿದೆ. ತಾಳಮಲೆ ಕಡೆಯ ಸೋಲಿಗರ ಮಾದಣ್ಣ, ನಮ್ಮ ಮಿಲ್ಲಿಗೆ ರಾಗಿ ತರುವವನು, ನನ್ನ ಪಾಲಿಶ್ ಕಷ್ಟ ನೋಡಿ ಒಂದು ಉಂಡೆ ಜೇನುಮೇಣ ತಂದುಕೊಟ್ಟ. ಒಳಗೂ ಹೊರಗೂ ಚೆನ್ನಾಗಿ ತಿಕ್ಕಿದೆ. ಸ್ಪೀಕರ್ ಕೂರುವ ದುಂಡು ತೂತು ಬಿಟ್ಟು, ವಾಸನೆ ಹೋಗಲೆಂದು ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟು ಮಳೆ ಹಿಡಿದಿದ್ದರಿಂದ ಮರೆತೆ. ಬಿಸಿಲು ಬಂದ ಮೇಲೆ ಹೋಗಿ ನೋಡಿದರೆ ತುಡುವೆ ಜೇನು ಸಂಸಾರ ಹೂಡಿತ್ತು. ಒಣಗಿದ ಮರ, ದುಂಡು ಬಾಗಿಲು, ಗೋಡೆಗೆಲ್ಲ ಮೇಣ. ಇದಕ್ಕಿಂತ ಒಳ್ಳೆಯ ಮನೆಯನ್ನು ಅವು ಎಲ್ಲಿ ಹುಡುಕಿಯಾವು. ಮಾದಣ್ಣನನ್ನು ಕರೆಸಿ, ಇವನ್ನು ಹೇಗಾದರೂ ಎಬ್ಬಿಸು ಎಂದೆ.

“ಬುಡಿ ಅಣ್ಣ,” ಎಂದ ಅವನು. “ನೀವು ಕರದ್ರಿ, ಅವು ಬಂದೊ. ಈಗ ಓಗಿ ಅಂದ್ರ ಓದವ?”

ಹೋಗಲಿಲ್ಲ. ಈಗಲೂ ಅಲ್ಲೇ ಇವೆ. ವರ್ಷಕ್ಕೊಮ್ಮೆ ಸ್ವಲ್ಪ ತುಪ್ಪ ಕೊಡುತ್ತವೆ. ನಾನು ಮಾಡಿದ ಪೆಟ್ಟಿಗೆಗಳಲ್ಲಿ ಮನೆಯವರ ಮೆಚ್ಚುಗೆ ಪಡೆದದ್ದು ಅದೊಂದೇ.

ಮೂರನೆಯದು ಹಲಸಿನ ಹಲಗೆಯದು. ಹಳದಿ ಬಣ್ಣ, ತೂಕವಾದ ಮರ, ಬೆರಳಲ್ಲಿ ತಟ್ಟಿದರೆ ಮೃದಂಗದ ಹಾಗೆ ಮಾತಾಡಿತು. ಇದರಲ್ಲಿ ಬಾರದ ದನಿ ಇನ್ನಾವುದರಲ್ಲೂ ಬರುವುದಿಲ್ಲ ಎಂದು ಕೊನೆಯ ಕೈ ಪಾಲಿಶ್ ಒಣಗುವುದನ್ನೂ ಕಾಯದೆ ಸ್ಪೀಕರ್ ಕೂರಿಸಿದೆ. ಅಪ್ಪ ಎಂದಿನಂತೆ ಬಂದ. ಅವ್ವ ಮತ್ತೆ ಪಕ್ಕದ ಮನೆಯಲ್ಲೇ ಉಳಿದಳು. ಬಲಗಡೆಯ ಮೂಲೆಯಲ್ಲಿ ಪೇರಿಸಿದ್ದ ರಾಗಿ ಚೀಲಗಳು ದನಿಯನ್ನು ಹೀರಿಕೊಳ್ಳುತ್ತವೆ ಎಂದು ಅವನ್ನು ಹೊತ್ತು ಆಚೆ ಹಾಕಿದೆ. ಬೆನ್ನು ಹಿಡಿದುಕೊಂಡಿತು. ಆ ಸಂಜೆ ನನಗೆ ನಿಜವಾಗಿಯೂ ದುಃಖವಾಯಿತು. ಅವ್ವನೇ ನನ್ನ ಹತ್ತಿರ ಮಾತಾಡಲು ಒಲ್ಲೆ ಎನ್ನುತ್ತಿದ್ದಾಳೆ ಎಂಬ ಯೋಚನೆ ಕೂಡ ಬಂದುಹೋಯಿತು. ಗಂಡಸು, ವಯಸ್ಸಾದವನು, ಹೀಗೆಲ್ಲ ಯೋಚಿಸಿದೆ ಎಂದು ಯಾರಿಗೆ ಹೇಳುವುದು.

ಆಮೇಲೆ ಹೊಳೆದದ್ದು ರಾಗಿ ಪೆಟ್ಟಿಗೆ. ಅವ್ವ ತವರಿನಿಂದ ತಂದದ್ದು, ಅಡುಗೆಮನೆಯ ಬಾಗಿಲ ಪಕ್ಕ ಇರುವುದು, ನಾಗಮಣಿ ಈಗಲೂ ಬೀಸುವ ರಾಗಿಯನ್ನು ಅದರಲ್ಲೇ ಇಡುವುದು. ಅವ್ವ ದಿನಾ ಮುಟ್ಟಿದ ಹಲಗೆ. ಅವಳ ದನಿಗೆ ಅವಳ ಮರವೇ ಬೇಕೇನೋ ಎಂದು ನನ್ನ ಬುದ್ಧಿಗೆ ತೋಚಿತು. ನಾಗಮಣಿ ಹೊಲಕ್ಕೆ ಹೋದ ಹೊತ್ತು ನೋಡಿ ರಾಗಿಯನ್ನು ಚಾಪೆಯ ಮೇಲೆ ಸುರಿದು, ಪೆಟ್ಟಿಗೆಯನ್ನು ಜಗಲಿಗೆ ಎಳೆದು, ಮಗುಚಿ ಹಾಕಿ, ಪೆನ್ಸಿಲಿನಲ್ಲಿ ಗೆರೆ ಹಾಕಿ ಗರಗಸ ಕೈಗೆ ತೆಗೆದುಕೊಂಡೆ. ಹಲ್ಲು ಇನ್ನೂ ಮರಕ್ಕೆ ತಾಗಿರಲಿಲ್ಲ. ಯಾರೋ ಬಂದು ಗರಗಸ ಹಿಡಿದುಕೊಂಡರು. ನೋಡಿದರೆ ನಾಗಮಣಿ, ಇನ್ನೊಂದು ಕೈತುಂಬ ಸೊಪ್ಪು.

ಆಚೆ ಬೀದಿಯಿಂದಲೇ ಕೂಗಿಕೊಂಡು ಬಂದೆ ಎಂದಳು ಆಮೇಲೆ. ನನಗೆ ಕೇಳಿಸಿರಲಿಲ್ಲ.

ಸೊಪ್ಪು ಕೆಳಗಿಟ್ಟು ಅವಳು ಜಗಲಿಯ ಮೇಲೆ ಕೂತಳು, ನನ್ನ ಎಡಗಡೆ. ಬೈಯಲಿಲ್ಲ. ಸುಧಾರಿಸಿಕೊಂಡು ಮೆಲ್ಲಗೆ ಹೇಳಿದಳು.

“ಪೆಟ್ಗ ಎಲ್ಲ ಚೆನ್ನಾಗವ. ಮಿಲ್ಲು ತಿಂದ್ಬುಟ್ಟದ ನಿಮ್ಮ ಬಲಗಿವಿಯ.”

ನಾನು ನಕ್ಕೆ. ಯಾರು ಹೇಳಿದ್ದು ಎಂದೆ. ಅವಳು ಎದ್ದು ನನ್ನ ಬಲಕ್ಕೆ ಬಂದು ನಿಂತು ಏನೋ ಹೇಳಿದಳು. ತುಟಿ ಆಡಿದ್ದು ಕಂಡಿತು. ಮತ್ತೆ ಎಡಕ್ಕೆ ಬಂದು ಅದನ್ನೇ ಹೇಳಿದಳು, ಕೇಳಿಸಿತು. ಸೊಪ್ಪಿನ ಸಾರು ಮಾಡ್ಲ ಎಂದು ಕೇಳಿದ್ದಳು, ಅಷ್ಟೇ. ಮಿಲ್ಲಿನಲ್ಲಿ ಆ ಗೋಡೆ, ಈ ಬಾಗಿಲು, ನಡುವೆ ಕೂಗುವ ಯಂತ್ರಕ್ಕೆ ಬಲಗಿವಿ ಕೊಟ್ಟು ನಿಂತ ವರ್ಷಗಳೆಲ್ಲ ಕಣ್ಣ ಮುಂದೆ ಬಂದವು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಊಟಕ್ಕೆ ಕೂತಾಗ, ಇವಳು ಯಾವಾಗಲೂ ಬಂದು ಎಡಗಡೆಯೇ ಕೂರುತ್ತಿದ್ದದ್ದು ಸಂಪ್ರದಾಯಕ್ಕೆ ಎಂದು ನಾನು ತಿಳಿದಿದ್ದೆ.

“ಗೊತ್ತಿದ್ದೂ ಯಾಕ ಏಳ್ನಿಲ್ಲ ನೀನು?” ಎಂದು ಕೇಳಿದೆ.

“ಏಳಿದ್ನಲ್ಲ. ಆ ಕಡ ನಿಂತ್ಕಂಡು ಏಳ್ಬುಟ್ಟೆ. ನೀವು ಮಾತಾಡ್ನಿಲ್ಲ. ಕ್ವಾಪ ಮಾಡ್ಕಂಡ್ರೇನೋ ಅನ್ಕಂಡು ಸುಮ್ನಾದೆ.”

ಇಬ್ಬರಿಗೂ ನಗು ಬಂತು. ನನಗೆ ನಗುವಿನ ಜೊತೆ ಇನ್ನೂ ಏನೋ ಬಂತು. ಅದನ್ನು ಮರೆಸಲು ರಾಗಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಒಳಗೆ ಎಳೆದು, ರಾಗಿ ತುಂಬಿದೆ. ಪೆನ್ಸಿಲ್ ಗೆರೆಯನ್ನು ಅವಳು ಸೆರಗಿನಲ್ಲಿ ಒರೆಸಿದಳು.

ನಡುಮನೆಗೆ ಬಂದ ಮೇಲೆ ನಾಗಮಣಿ ನನ್ನ ಕುರ್ಚಿಯನ್ನು ತಿರುಗಿಸಿ ಇಟ್ಟಳು. ಪೆಟ್ಟಿಗೆಗಳು ಇದ್ದಲ್ಲೇ ಇದ್ದವು, ಫೋಟೋದಲ್ಲಿ ಕೂತಂತೆ, ಯಾರನ್ನೂ ಎಬ್ಬಿಸಿ ಆ ಕಡೆ ಕೂರಿಸಲಿಲ್ಲ. ನಾನು ಮಾತ್ರ ಅವರಿಗೆ ಬೆನ್ನು ಮಾಡಿ, ಬೀದಿಬಾಗಿಲ ಕಡೆ ಮುಖ ಮಾಡಿ ಕೂತೆ. ಅವ್ವನ ಪೆಟ್ಟಿಗೆ ನನ್ನ ಎಡಗಿವಿಯ ಕಡೆಗೆ ಬಂತು. ನಾಗಮಣಿ ಪದ ಹಾಕಿದಳು.

ಅಪ್ಪ ಪಕ್ಕದ ಮನೆಗೆ ಹೋದ. ಅವ್ವ ಬಂದಳು. ಮೊದಲು ಬಳೆ, ಆಮೇಲೆ ಅವರೆಕಾಯಿ ಸುಲಿದು ಮೊರಕ್ಕೆ ಹಾಕುವ ಸದ್ದು. ಆಮೇಲೆ ಮಾತು. ನಾನು ತಿಳಿದಂತೆ ಕೊನೆಯ ಒಂದು ಮಾತಲ್ಲ, ಉದ್ದಕ್ಕೂ ಮಾತಾಡುತ್ತಲೇ ಇದ್ದಾಳೆ. ಅಪ್ಪ ಒಂದು ಸಾಲು ತಪ್ಪಿದರೆ ತಿದ್ದುತ್ತಾಳೆ, ಅಪ್ಪ ತಿದ್ದಿಕೊಳ್ಳದೆ ಮುಂದಕ್ಕೆ ಹೋದರೆ ತನ್ನಷ್ಟಕ್ಕೆ ನಗುತ್ತಾಳೆ. ಎಷ್ಟು ಎಳೆಯ ದನಿ. ನನ್ನ ಮನಸ್ಸಿನಲ್ಲಿ ಅವ್ವ ಎಂದರೆ ದೊಡ್ಡವಳು. ಇಲ್ಲಿ ಕೂತು ನಗುತ್ತಿದ್ದವಳು ನನ್ನ ಮಗಳ ವಯಸ್ಸಿನ ಹುಡುಗಿ. ನನಗೆ ಅಳು ಬಂತು, ಬೀದಿಬಾಗಿಲು ತೆರೆದಿದ್ದರೂ ಅತ್ತೆ.

ಪದ ಆ ಅರ್ಧಕ್ಕೆ ಬಂತು. ಅವರೆಕಾಯಿಯ ಸದ್ದು ನಿಂತಿತು. ಅವ್ವ ದನಿ ತಗ್ಗಿಸಿ ಹೇಳಿದಳು.

“ಸಾಕು ನಿಲ್ಸಿ. ಕೂಸು ನಿಮ್ಮ ತೊಡ ಮ್ಯಾಲೇ ನಿದ್ದ ಓಗ್ಬುಟ್ಟದ.”

ಅಪ್ಪ ಮುಂದಿನ ಸಾಲು ಎತ್ತಲಿಲ್ಲ. ಟೇಪು ಕಟ್ ಎಂದಿತು. ಆಗ ನಮ್ಮ ಮನೆಯಲ್ಲಿ ಕೂಸು ಎಂದರೆ ನಾನೊಬ್ಬನೇ. ಅವ್ವನ ಆ ಮಾತನ್ನು ಮೊದಲ ದಿನದಿಂದಲೂ ಕೇಳುತ್ತಿದ್ದ ನಾಗಮಣಿ, ಅಷ್ಟಾದರೂ ನನ್ನ ಎಡಗಿವಿಗೆ ಬೀಳುತ್ತದೆ, ಅದಕ್ಕಾಗಿಯೇ ನಾನು ಮತ್ತೆ ಮತ್ತೆ ಪದ ಹಾಕುತ್ತೇನೆ ಎಂದುಕೊಂಡಿದ್ದಳಂತೆ. ನಾನು ಇಷ್ಟು ದಿನ ಆ ಹಾಡು ಅರ್ಧಕ್ಕೆ ನಿಂತಿತಲ್ಲ ಎಂದು ಹಳೆಯ ಕ್ಯಾಸೆಟ್ಟನ್ನೂ, ಸತ್ಯಮಂಗಲದ ಅಂಗಡಿಯವನನ್ನೂ, ಸತ್ತ ಮಾವನನ್ನೂ ಬೈದುಕೊಂಡಿದ್ದೆ. ನನ್ನ ನಿದ್ದೆ ಕೆಡಬಾರದೆಂದು ಅವರಿಬ್ಬರೇ ಅದನ್ನು ಅಲ್ಲಿಗೆ ನಿಲ್ಲಿಸಿದ್ದರು.